ಅಗಸೆ ಹೊಲದಲ್ಲಿ ನಿಂತ ಮೂರು ಕಾಲು

ನಾನು ಕ್ಯಾಮೆರಾ ಅಲ್ಲ. ಕ್ಯಾಮೆರಾವನ್ನು ಹೊತ್ತು ನಿಲ್ಲುವ ಮೂರು ಕಾಲಿನ ಸ್ಟ್ಯಾಂಡು. ಫೋಟೋ ನೋಡಿದವರು ತೆಗೆದವರನ್ನು ಹೊಗಳುತ್ತಾರೆ, ಕ್ಯಾಮೆರಾವನ್ನು ಹೊಗಳುತ್ತಾರೆ. ಸ್ಟ್ಯಾಂಡು ಚೆನ್ನಾಗಿ ನಿಂತಿತ್ತು ಎಂದವರನ್ನು ನಾನಿನ್ನೂ ಕಂಡಿಲ್ಲ. ಇರಲಿ. ನಿಂತದ್ದು ನನಗೆ ಗೊತ್ತು.

ಬೆಟಗೇರಿಯ ಬಡಿಗೇರ ಕಾಳಪ್ಪ, ಕೆಡವಿದ ಮನೆಯೊಂದರ ಸಾಗವಾನಿ ತೊಲೆಯಿಂದ ನನ್ನನ್ನು ಮಾಡಿದ. ಕಾಲಿನ ತುದಿಗೆ ಚೂಪು ಕಬ್ಬಿಣದ ಮೊಳೆ ಕೂರಿಸಿದ. ನನ್ನನ್ನು ಕೊಂಡ ಅಂದಾನಪ್ಪನವರಿಗೆ ಗದಗಿನಲ್ಲಿ ಸ್ಟುಡಿಯೋ ಇತ್ತು. ನೆಲಕ್ಕೆ ಗೀರು ಬೀಳಬಾರದೆಂದು ಅವರು ಆ ಮೊಳೆಗಳಿಗೆ ರಬ್ಬರು ಟೊಪ್ಪಿಗೆ ತೊಡಿಸಿದರು. ಮೂವತ್ತು ವರ್ಷ ಅದನ್ನು ಯಾರೂ ತೆಗೆಯಲಿಲ್ಲ.

ನನ್ನ ಲೋಕ ಕಾಲುಗಳ ಲೋಕ. ಮೇಲೆ ಮದುಮಗಳು ನಗುತ್ತಿದ್ದರೆ ಕೆಳಗೆ ಅವಳ ಹೆಬ್ಬೆರಳು ನೆಲ ಒತ್ತುತ್ತಿರುತ್ತದೆ. ಮೇಲೆ ಸಾಹುಕಾರ ಮೀಸೆ ತಿರುವುತ್ತಿದ್ದರೆ ಕೆಳಗೆ ಒಂದು ಪಾದ ಇನ್ನೊಂದರ ಹಿಂದೆ ಅಡಗುತ್ತಿರುತ್ತದೆ. ಇದನ್ನೆಲ್ಲ ಯಾವ ಫೋಟೋದಲ್ಲೂ ನೋಡಲಾರಿರಿ.

ಅಂದಾನಪ್ಪನವರಿಗೆ ಕೈ ನಡುಕ ಬಂದ ಮೇಲೆ ಮಗಳು ದಾಕ್ಷಾಯಣಿ ಕ್ಯಾಮೆರಾ ಹಿಡಿದಳು. ಅವಳ ಕೈ ಗಟ್ಟಿ. ಆದರೆ ಊರಿನವರು ಪಾಸ್‌ಪೋರ್ಟ್ ಫೋಟೋಕ್ಕೆ ಮಾತ್ರ ಅವಳ ಹತ್ತಿರ ಬರುತ್ತಿದ್ದರು. ಮದುವೆ, ಮುಂಜಿವೆಗೆ ಗಂಡಸರನ್ನೇ ಕರೆಯುತ್ತಿದ್ದರು. "ಹೆಣ್ಮಗಳಿಗೆ ಅಷ್ಟು ಸಾಕು" ಎಂಬ ಮಾತು ಎದುರಿನ ಹರಟೆ ಕಟ್ಟೆಯಿಂದ ನೆಟ್ಟಗೆ ಸ್ಟುಡಿಯೋದ ಒಳಗೇ ಕೇಳಿಸುತ್ತಿತ್ತು.

ಒಂದು ದಿನ ಪ್ರೆಸ್ಸಿನ ರಾಚಪ್ಪನವರು ಫೋಟೋ ತೆಗೆಸಿಕೊಳ್ಳಲು ಬಂದರು. ಪ್ರತಿ ಯುಗಾದಿಗೆ ಅವರ ಕ್ಯಾಲೆಂಡರು ಊರಿನ ಅಂಗಡಿಗಳ ಗೋಡೆಯ ಮೇಲೆಲ್ಲ ಇರುತ್ತಿತ್ತು. ಜೇಬಿನಿಂದ ಬಣ್ಣದ ಹಾಳೆಯೊಂದನ್ನು ತೆಗೆದು ತೋರಿಸಿದರು.

"ಇದು ಲ್ಯಾವೆಂಡರ್ ಅಂತ ನೀಲಿ ಹೂವು, ತಂಗಿ. ಫ್ರಾನ್ಸಿನ್ಯಾಗ ಹೊಲಗಟ್ಲೆ ಬೆಳೀತಾರಂತ. ಈ ಸಲ ಇದ ನಮ್ಮ ಕ್ಯಾಲೆಂಡರು."

"ನಮ್ಮ ಕಡೀ ಹೊಲದ ಫೋಟೋನ ಹಾಕ್ರೆಲಾ, ಕಾಕಾ."

"ನಮ್ಮ ಕಡೆ ಏನೈತಿ? ಜ್ವಾಳ, ಕಡ್ಲಿ. ಗ್ವಾಡಿ ಮ್ಯಾಲೆ ಕಡ್ಲಿಗಿಡ ತೂಗಹಾಕ್ಲೇನು?"

"ನೀಲಿ ಹೊಲ ಐತ್ರಿ. ಹ್ವಾದ ವಾರ ಮುಂಜಾನಿ ಬಸ್ಸಿನ್ಯಾಗ ಬರೂವಾಗ ಯರೇಹಾಳದ ಹತ್ರ ನೋಡೀನಿ."

"ಬಸ್ಸಿನ್ಯಾಗ ನಿದ್ದಿ ಹತ್ತಿತ್ತೇನು ನಿನಗ?" ಎಂದು ರಾಚಪ್ಪನವರು ನಕ್ಕರು. "ಆತು. ಬುಧವಾರದೊಳಗ ತಂದು ಕೊಡು, ಹಾಕ್ತೀನಿ. ಇಲ್ಲಾಂದ್ರ ಲ್ಯಾವೆಂಡರ."

ಅವರು ಹೋದ ಮೇಲೆ ದಾಕ್ಷಾಯಣಿ ಬಹಳ ಹೊತ್ತು ನನ್ನ ಮೇಲೆ ಕೈಯೂರಿ ನಿಂತಿದ್ದಳು. ಆ ಒಂದು ಫೋಟೋ ಗೋಡೆಗೆ ಬಿದ್ದರೆ ಅವಳೂ ಫೋಟೋಗ್ರಾಫರು. ಬೀಳದಿದ್ದರೆ ಹಣೆಯಲ್ಲಿ ಬರೆದದ್ದು ಪಾಸ್‌ಪೋರ್ಟ್ ಸೈಜು.

ಮುಂಜಾನೆಯ ಗಿರಾಕಿಗಳನ್ನು ಮುಗಿಸಿ, ಊಟ ಮಾಡಿ, ನನ್ನನ್ನು ಲೂನಾದ ಹಿಂದೆ ಕಟ್ಟಿಕೊಂಡು ಹೊರಟಳು. ಯರೇಹಾಳದ ಕರಿ ಎರೆಮಣ್ಣಿನ ಹೊಲಗಳ ನಡುವೆ ನೀಲಿ ಎಂಬುದೇ ಇರಲಿಲ್ಲ. ಎಲ್ಲ ಹಸಿರು. ದಾರಿ ತಪ್ಪಿರಬೇಕೆಂದು ಮರುದಿನ ಬೇರೆ ದಾರಿ ಹಿಡಿದಳು. ಮೂರನೆಯ ದಿನ ಮತ್ತೊಂದು. ಸುತ್ತಿ ಸುತ್ತಿ ಅದೇ ಹೊಲದ ಬದುವಿಗೇ ಬಂದು ನನ್ನನ್ನು ಇಳಿಸುತ್ತಿದ್ದಳು. ನನ್ನ ಕಾಲಬುಡದಲ್ಲಿ ನೀಲಿ ಎಸಳು ಬಿದ್ದಿದ್ದವು. ನಾನು ಮೂರೂ ದಿನ ನೋಡಿದೆ. ಬಾಯಿ ಇದ್ದರೆ ತಾನೆ ಹೇಳುವುದು!

ಹೇಳಿದವಳು ಆ ಹೊಲದ ಒಡತಿ ಬಸಲಿಂಗವ್ವ.

"ಏನ ಕಳಕೊಂಡಿ ಮಗಳ? ಮೂರು ದಿನ ಆತು, ಇಲ್ಲೇ ಸುತ್ತಾಕತ್ತಿ."

"ನೀಲಿ ಹೊಲ, ಆಯಿ. ಇಲ್ಲೇ ಎಲ್ಲೋ ಇತ್ತು."

ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳು. "ಹೊಲ ಎಲ್ಲಿಗೆ ಓಡಿ ಹೊಕ್ಕೈತಿ? ನಿನ್ನ ಮುಂದ ಐತಿ ನೋಡು. ಅಗಸಿ ಹೂವು ಮುಂಜಾನಿ ಅರಳ್ತೈತಿ, ಬಿಸಲೇರಿದಂಗ ಉದರ್ತೈತಿ. ನೀ ಉಂಡು ಕೈ ತೊಳಕೊಂಡು ಬರೂತನಾ ಕಾಯಾಕ ಅದೇನು ನಿಮ್ಮ ಬೀಗರ?"

ದಾಕ್ಷಾಯಣಿ ಹಣೆ ಬಡಿದುಕೊಂಡಳು. "ದಿನಾ ಅಗಸಿ ಹಿಂಡಿ ಹಚ್ಚಿ ರೊಟ್ಟಿ ತಿಂತೀನಿ. ಹೂವಿಂದು ಗೊತ್ತ ಇರಲಿಲ್ಲ."

ಸೋಮವಾರ ಸೂರ್ಯ ಏಳುವಾಗ ನಾವು ಬದುವಿನ ಮೇಲಿದ್ದೆವು. ಹೊಲ ತುಂಬ ಹೂವು. ಆಕಾಶವನ್ನು ಜಾಲಿಸಿ ಸುರಿದ ಹಾಗಿತ್ತು. ದಾಕ್ಷಾಯಣಿ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಬಸಲಿಂಗವ್ವ ತಡೆದಳು.

"ಚಪ್ಪಲಿ ಬಿಟ್ಟು ಬಾ. ಬೆಳಿ ನಿಂತ ಹೊಲ." ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಇವಂದೂ ತಗಿ."

"ಅವು ರಬ್ಬರ ಟೊಪ್ಪಿಗಿ, ಆಯಿ."

"ಕಾಲಿಗೆ ಯಾರು ಟೊಪ್ಪಿಗಿ ಹಾಕ್ತಾರ? ಚಪ್ಪಲಿ ಅವು. ತಗಿ ಅಂದ್ರ ತಗಿ."

ಎಳೆದರೆ ಬರಲಿಲ್ಲ. ಮುದುಕಿಯೇ ಕುಡುಗೋಲಿನಿಂದ ಸೀಳಿ ಕಿತ್ತಳು.

ಅಂದು ಗಾಳಿ ಇತ್ತು. ಬೆಳಕು ಇನ್ನೂ ಎಳೆಯದು. ಅಂಥ ಬೆಳಕಿನಲ್ಲಿ ಕ್ಯಾಮೆರಾ ನಿಧಾನವಾಗಿ ಕಣ್ಣು ಮುಚ್ಚುತ್ತದೆ. ಅಷ್ಟರಲ್ಲಿ ಸ್ಟ್ಯಾಂಡು ಕೂದಲೆಳೆಯಷ್ಟು ಅಲುಗಿದರೂ ಕೆಲಸ ಕೆಟ್ಟಿತು. ಬಿರಿದ ಎರೆ ಮಣ್ಣಿನ ಮೇಲೆ ರಬ್ಬರು ನಿಲ್ಲುವುದಿಲ್ಲ, ಜಾರುತ್ತದೆ. ಬರಿಗಾಲಾದ ನನ್ನ ಮೊಳೆಗಳು ಮಣ್ಣಿನೊಳಗೆ ಬೆರಳುದ್ದ ಇಳಿದವು. ಒಳಗೆ ತಂಪಿತ್ತು. ಗಾಳಿ ಬಂದು ನೂಕಿತು. ನೂಕಲಿ ಎಂದು ನಿಂತೆ. ಹೂವಿನ ತೂಗಾಟ ನಿಂತ ಗಳಿಗೆ ನೋಡಿ ದಾಕ್ಷಾಯಣಿ ಒತ್ತುತ್ತಿದ್ದಳು, ಮತ್ತೆ ಕಾಯುತ್ತಿದ್ದಳು. ರೋಲು ಮುಗಿಯುವಷ್ಟರಲ್ಲಿ ಮೊದಲ ಎಸಳು ಉದುರಿತು.

ಬುಧವಾರ ರಾಚಪ್ಪನವರು ತಾವೇ ಸ್ಟುಡಿಯೋಕ್ಕೆ ಬಂದು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಭೇಷ್. ಲ್ಯಾವೆಂಡರಿಗೂ ಮಿಗಿಲ ಐತಿ. ಆದ್ರ ತಂಗಿ, ಊರ ಹೆಸರು ಬ್ಯಾಡ. ಪರದೇಶ ಅಂತ ತಿಳಕೊಂಡ್ರ ಜನ ಹೆಚ್ಚಿಗಿ ಕೇಳ್ತಾರ."

ದಾಕ್ಷಾಯಣಿ ಫೋಟೋವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ಹಂಗಾರ ಲ್ಯಾವೆಂಡರ ಹಾಕ್ರಿ, ಕಾಕಾ."

ಅವರು ಮೆಟ್ಟಿಲು ಇಳಿದರು. ಮೂರನೆಯ ಮೆಟ್ಟಿಲಲ್ಲಿ ಅವರ ಚಪ್ಪಲಿ ನಿಂತಿತು. ತಿರುಗಿತು.

"ಏನು ಹಠಮಾರಿ ಅದಿಯವಾ! ಏನಂತ ಬರೀಬೇಕು ಹೇಳು."

"ಯರೇಹಾಳದ ಅಗಸಿ ಹೊಲ ಅಂತ. ಕೆಳಗ ನನ್ನ ಹೆಸರು."

ಆ ಯುಗಾದಿಗೆ ಎರಡೂ ಹೆಸರು ಊರಿನ ಗೋಡೆಗಳಿಗೆ ಏರಿದವು. ಮೊದಲ ಮದುವೆಗೆ ಕರೆಯಲು ಬಂದವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದವರೇ. ದಾಕ್ಷಾಯಣಿ ಅವರಿಗೆ ಚಹಾ ಕೊಟ್ಟಳು. ಹಳೆಯ ಮಾತು ಎತ್ತಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಂದು ಕಾಲಿನ ಕೀಲು ಬಿರುಕು ಬಿಟ್ಟಿದೆ. ದಾಕ್ಷಾಯಣಿ ಹಗುರವಾದ ಹೊಸ ಸ್ಟ್ಯಾಂಡು ಹಿಡಿದು ದೂರ ದೂರ ಹೋಗುತ್ತಾಳೆ. ನಾನು ಸ್ಟುಡಿಯೋದ ಹಿಂದಿನ ಕೋಣೆಯ ಮೂಲೆಯಲ್ಲಿದ್ದೇನೆ. ಪ್ರತಿ ಸುಗ್ಗಿಗೆ ಬಸಲಿಂಗವ್ವನ ಮನೆಯಿಂದ ಒಂದು ಚೀಲ ಅಗಸೆ ಬರುತ್ತದೆ. ಇಲಿ ಮುಟ್ಟದಿರಲೆಂದು ಅದನ್ನು ನನ್ನ ತಲೆಗೆ ತೂಗುಹಾಕುತ್ತಾರೆ. ಕ್ಯಾಮೆರಾಕ್ಕಿಂತ ಭಾರ. ಹೊರುತ್ತೇನೆ.