ಆದಮಾಕನಿಗೊಂದು ಮನೆ

ತರಗತಿಯ ಬೆಂಚುಗಳನ್ನು ಒಂದೊಂದಾಗಿ ಜಗಲಿಗೆ ಎಳೆಯುತ್ತಿದ್ದ ದುಗ್ಗಪ್ಪ ತಟ್ಟನೆ ನಿಂತ. ಗೋಡೆಯ ಬದಿಯ ಚಾಪೆ ಖಾಲಿಯಾಗಿತ್ತು.

“ಕದೀಜಮ್ಮ ಎಲ್ಲಿ?”

ಒಳಗಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಈಗಷ್ಟೇ ಅಲ್ಲೇ ಕುಳಿತಿದ್ದಳು. ಶಾಲೆಯ ಹಿಂಬದಿಯಲ್ಲಿ ಟರ್ಪಾಲು ಕಟ್ಟಿ ಮರೆ ಮಾಡಿದ ಜಾಗದಲ್ಲಿ ರಾತ್ರಿ ತೀರಿಕೊಂಡ ಅವಳ ಗಂಡ ಆದಂ ಕುಂಞಿಯ ಮಯ್ಯತ್ತಿಗೆ ಸ್ನಾನ ಮಾಡಿಸುತ್ತಿದ್ದರು. ಮಕ್ಕಳ ಬಿಸಿಯೂಟದ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದ್ದರು. ಮಧ್ಯಾಹ್ನದ ನಮಾಝಿನ ನಂತರ ದಫನ ಎಂದು ಮಸೀದಿಯ ಮೈಕಿನಲ್ಲಿ ಹೇಳಿಯಾಗಿತ್ತು.

“ಮೂತ್ರಕ್ಕೆ ಹೋಗಿರಬಹುದು,” ಎಂದಳು ಯಾರೋ.

“ಅಲ್ಲಿ ನೋಡಿ ಬಂದೆ, ಇಲ್ಲ,” ಎಂದಳು ದುಗ್ಗಪ್ಪನ ಹೆಂಡತಿ ಸೀತು. “ಬೆಳಿಗ್ಗೆಯಿಂದ ಒಂದೇ ಮಾತು ಕೇಳ್ತಾ ಇದ್ದಳು, ‘ಸೀತು, ನಾನು ಇದ್ದತ್ ಎಲ್ಲಿ ಕೂತ್ಕೊಳ್ಳುದು?’ ಅಂತ. ನಾನು ಎಂತ ಹೇಳುದು?”

ಗಂಡ ತೀರಿಕೊಂಡ ಹೆಂಗಸು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಪಕ್ಕದ ಮನೆಯವಳಾದ ಸೀತುವಿಗೂ ಅದು ಗೊತ್ತು. ಆದರೆ ಗುಡ್ಡ ಕುಸಿದ ದಿನದಿಂದ ಕಲ್ಲಗುಡ್ಡೆ ಕಾಲನಿಯವರೆಲ್ಲ ಇದೇ ಶಾಲೆಯಲ್ಲಿದ್ದರು. ಗೇಟಿನ ಮೇಲೆ ‘ಕಾಳಜಿ ಕೇಂದ್ರ’ ಎಂಬ ಬ್ಯಾನರ್ ಇತ್ತು. ಭಾನುವಾರ ಅದನ್ನು ಬಿಚ್ಚಬೇಕು, ಸೋಮವಾರ ಮಕ್ಕಳು ಬರುತ್ತಾರೆ, ಎಲ್ಲರೂ ನೆಂಟರ ಮನೆ ನೋಡಿಕೊಳ್ಳಿ ಎಂದು ನಿನ್ನೆ ಸಂಜೆ ಅಧಿಕಾರಿಗಳು ತಿಳಿಸಿ ಹೋಗಿದ್ದರು. ಆದಂ ಕುಂಞಿ ಆ ಮಾತನ್ನು ಸುಮ್ಮನೆ ಕೇಳಿ ಚಾಪೆಯಲ್ಲಿ ಮಲಗಿದವನು ಬೆಳಗಿನ ನಮಾಝಿಗೆ ಏಳಲಿಲ್ಲ.

ಮಗಳು ರಿಝ್ವಾನಾ ಬೆಟ್ಟಂಪಾಡಿಯ ಗಂಡನ ಮನೆಯಿಂದ ಬಂದು ಇನ್ನೂ ಸರಿಯಾಗಿ ಅತ್ತಿರಲಿಲ್ಲ. ಸೀತುವಿನ ಮಾತು ಕೇಳಿದವಳೇ ಎದ್ದು ನಿಂತಳು.

“ಉಮ್ಮ ಮನೆಗೆ ಹೋಗಿದ್ದಾರೆ.”

“ಯಾವ ಮನೆಗೆ?”

“ನಮ್ಮ ಮನೆಗೆ. ಕಾಲನಿಗೆ.”

ಜಗಲಿಯಲ್ಲಿ ಫೋನಿನಲ್ಲಿದ್ದ ಗ್ರಾಮ ಆಡಳಿತಾಧಿಕಾರಿ ತೃಪ್ತಿ ಆ ಮಾತಿಗೆ ತಿರುಗಿದಳು. “ಅಲ್ಲಿಗೆ ಯಾರೂ ಹೋಗ್ಬಾರ್ದು ಅಂತ ಹೇಳಿದ್ದೇವಲ್ಲ! ಮೇಲೆ ಬಿರುಕು ಬಿಟ್ಟದ್ದು ಹಾಗೇ ಉಂಟು. ಈ ಮಳೆಗೆ ಅದು ಕೆಳಗೆ ಬಂದ್ರೆ?”

ಅಷ್ಟರಲ್ಲಿ ರಿಝ್ವಾನಾ ಅಂಗಳ ದಾಟಿ ಓಡಿದ್ದಳು. ಹಿಂದೆಯೇ ಸೀತು, ಅವಳ ಹಿಂದೆ ಕೊಡೆ ಬಿಡಿಸಲೂ ಮರೆತ ತೃಪ್ತಿ.

*

ಆದಂ ಕುಂಞಿ ಹುಟ್ಟಿದ್ದು ಕುಮಾರಧಾರಾ ಹೊಳೆಯ ಬದಿಯಲ್ಲಿ. ಟಿವಿಎಸ್ ಮೊಪೆಡಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಕಡಬದಿಂದ ಪಂಜದವರೆಗಿನ ಒಳದಾರಿಗಳಲ್ಲೆಲ್ಲ ಮಾರುತ್ತಿದ್ದ. ಮೀನು ತಾಜಾ ಅಲ್ಲದ ದಿನ “ಇವತ್ತು ಬೇಡ ಅಕ್ಕ, ಸಾಂಬಾರು ಮಾಡಿ” ಎಂದು ತಾನೇ ಹೇಳಿ ಮುಂದೆ ಹೋಗುತ್ತಿದ್ದ. ದೊಡ್ಡವರು, ಸಣ್ಣವರು, ಭಟ್ರ ಮನೆಯವರು ಕೂಡ ಅವನನ್ನು ಆದಮಾಕ ಎಂದೇ ಕರೆಯುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ನೆರೆಗೆ ಹೊಳೆ ಅವನ ಮನೆಯನ್ನು ಮಾಡಿನ ಸಮೇತ ಕೊಂಡೊಯ್ದಿತು. ಹೊಳೆಬದಿಯವರಿಗೆಲ್ಲ ಸರಕಾರ ಕಲ್ಲಗುಡ್ಡೆಯಲ್ಲಿ ಸೈಟು ಕೊಟ್ಟಿತು. ಜೆಸಿಬಿ ಬಂದು ಗುಡ್ಡದ ಹೊಟ್ಟೆಯನ್ನು ನೇರವಾಗಿ ಕಡಿದು ಸಮತಟ್ಟು ಮಾಡಿತು. ಕಡಿದುಳಿದ ಮಣ್ಣಿನ ಗೋಡೆ, ಊರವರ ಬಾಯಲ್ಲಿ ಧರೆ, ತೆಂಗಿನ ಮರದಷ್ಟು ಎತ್ತರಕ್ಕೆ ಕೆಂಪಗೆ ನಿಂತಿತು. ಅದರ ಬುಡದಲ್ಲೇ ಸಾಲಾಗಿ ಮನೆಗಳು ಎದ್ದವು.

ಕೀ ಕೊಡುವ ದಿನ ಶಾಮಿಯಾನ ಹಾಕಿದ್ದರು. ಆಗ ತಾಲೂಕು ಪಂಚಾಯತ್ ಸದಸ್ಯನಾಗಿದ್ದ ಶೈಲೇಶ್ ಒಬ್ಬೊಬ್ಬರನ್ನೇ ಕರೆದು, ಕ್ಯಾಮೆರಾ ನೋಡಿ, ಕೀ ಕೊಡುತ್ತಿದ್ದ. ಆದಂ ಕುಂಞಿ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ವೇದಿಕೆ ಹತ್ತಿದ. ಕೀ ಕೈಗೆ ಬಂದರೂ ಇಳಿಯಲಿಲ್ಲ.

“ಶೈಲೇಶಣ್ಣ, ಒಂದು ಮಾತು. ಹಿಂದೆ ಈ ಧರೆಗೆ ಗೋಡೆ ಕಟ್ಟುದಿಲ್ವಾ?”

“ಅದು ಮುಂದಿನ ಹಂತದಲ್ಲಿ ಉಂಟು ಆದಮಾಕ.”

“ಮಳೆಗಾಲ ಅದಕ್ಕಿಂತ ಮುಂದೆ ಬರ್ತದಲ್ಲ?”

ಶಾಮಿಯಾನದ ಕೆಳಗೆ ಒಂದು ನಗೆ ಎದ್ದಿತು. ಶೈಲೇಶನೂ ನಕ್ಕ. ಬೆನ್ನು ತಟ್ಟಿ ಹೇಳಿದ: “ಮೊದಲು ಒಳಗೆ ಹೋಗಿ ಕೂತ್ಕೊಳ್ಳಿ ಮಾರಾಯ್ರೆ. ಧರೆ ಎಲ್ಲಿಗೂ ಓಡುದಿಲ್ಲ.”

ಕೆಳಗಿಳಿದು ಬಂದ ಗಂಡನಿಗೆ ಕದೀಜಮ್ಮ ಬೈದಳು. ಕೊಟ್ಟದ್ದನ್ನು ತೆಗೆದುಕೊಂಡು ಬರುವ ಹೊತ್ತಿನಲ್ಲಿ ಎಂತ ಪಂಚಾಯಿತಿ ಎಂದಳು. ನೆರೆಯಲ್ಲಿ ಅವಳ ಒಲೆ, ಪೆಟ್ಟಿಗೆ, ಮದುವೆಯ ಸೀರೆ ಎಲ್ಲ ಹೋಗಿತ್ತು. ಈ ಮನೆಗೆ ಸಿಮೆಂಟಿನ ನೆಲ ಇತ್ತು. ಅವಳಿಗೆ ಅದು ಸಾಕಾಗಿತ್ತು.

*

ರಿಝ್ವಾನಾ ತಲುಪಿದಾಗ ಕದೀಜಮ್ಮ ತೆಂಗಿನ ಗೆರಟೆಯಿಂದ ಹೊಸ್ತಿಲಿನ ಕೆಸರು ಕೆರೆಯುತ್ತಿದ್ದಳು. ಅಡಿಗೆಕೋಣೆಯ ಹಿಂಗೋಡೆಯನ್ನು ಒಡೆದು ಒಳಬಂದಿದ್ದ ಕೆಂಪು ಮಣ್ಣು ನಡುಕೋಣೆಯ ಬಾಗಿಲಿನವರೆಗೂ ಹರಡಿತ್ತು. ಎದುರಿನ ಕೋಣೆ ಮಾತ್ರ ಉಳಿದಿತ್ತು. ಅದನ್ನು ಗುಡಿಸಿ, ಒಂದು ಚಾಪೆ ಹಾಸಿದ್ದಳು.

“ಉಮ್ಮಾ, ಏಳಿ. ಹೋಗುವ.”

“ನಿನ್ನ ಬಾಪನನ್ನು ಇಲ್ಲಿಗೆ ತರ್ಲಿಕ್ಕೆ ಹೇಳು. ಇಲ್ಲಿಂದ ಹೋಗ್ಲಿ. ಶಾಲೆಯ ಬೆಂಚಿನ ಎಡೆಯಿಂದ ಅವರನ್ನು ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ.”

“ಮೇಲೆ ನೋಡಿ ಉಮ್ಮಾ!”

ಧರೆಯ ನೆತ್ತಿಯಲ್ಲಿ ಒಂದು ಗೇರು ಮರ ಬೇರು ಬಿಚ್ಚಿ ಬಾಗಿತ್ತು. ಅದರ ಬುಡದಿಂದ ಕೆಸರುನೀರು ತೆಳ್ಳಗೆ ಇಳಿಯುತ್ತಿತ್ತು. ಆಗಾಗ ಹಿಡಿಯಷ್ಟು ಮಣ್ಣು ಕಳಚಿ, ಸೀತುವಿನ ಮುರಿದ ಮನೆಯ ಮೇಲೆ ಬೀಳುವ ಸದ್ದು. ತೃಪ್ತಿಯ ಕಣ್ಣು ಅಲ್ಲಿಂದ ಕದಲಲಿಲ್ಲ.

“ಅಮ್ಮ, ದಯವಿಟ್ಟು ಬನ್ನಿ. ಇಲ್ಲಿ ಏನಾದ್ರೂ ಆದ್ರೆ ನಾನು ಉತ್ತರ ಕೊಡ್ಬೇಕು.”

“ಅವರು ದಿನಾ ನಿಮ್ಮತ್ರ ಕೇಳಿದ್ರಲ್ಲ ಮೇಡಂ, ನಮ್ಮನ್ನು ಎಲ್ಲಿಗೆ ಕಳಿಸ್ತೀರಿ ಅಂತ. ಅದಕ್ಕೆ ಉತ್ತರ ಕೊಟ್ಟಿದ್ದೀರಾ?”

ಆದಂ ಕುಂಞಿ ತೃಪ್ತಿಯ ಹತ್ತಿರ ನಿಜವಾಗಿಯೂ ಕೇಳಿದ್ದ. ಪ್ರತಿ ಸಲವೂ ಅವಳು “ಮೇಲಿಂದ ಆರ್ಡರ್ ಬರ್ಬೇಕು ಆದಮಾಕ” ಎಂದಿದ್ದಳು. ಅವನು “ಮೇಲಿಂದ ಬರುದೆಂದರೆ ನನಗೀಗ ಹೆದರಿಕೆ” ಎಂದು ಧರೆಯ ಕಡೆ ಕೈ ತೋರಿಸಿ ನಗಿಸಿದ್ದ.

“ನನ್ನ ಮನೆಗೆ ಬನ್ನಿ ಉಮ್ಮಾ,” ಎಂದಳು ರಿಝ್ವಾನಾ.

“ನಿಮ್ಮದು ಎರಡು ಕೋಣೆ. ನಿನ್ನ ಅತ್ತೆ, ಮಾವ, ಮೈದುನ. ನಿನ್ನ ತಮ್ಮ ಝಾಕಿರ್ ಅಂಗಡಿಯ ಹಿಂದೆ ಮಲಗುದು. ನಾನು ಎಲ್ಲಿ ಬಾಗಿಲು ಹಾಕಿ ಕೂತ್ಕೊಳ್ಳಲಿ?” ಅವಳು ಗೆರಟೆ ಕೆಳಗಿಟ್ಟಳು. “ಹೊಳೆಯಿಂದ ಎಬ್ಬಿಸಿದ್ರು. ಇಲ್ಲಿಂದ ಎಬ್ಬಿಸಿದ್ರು. ನಾಳೆ ಶಾಲೆಯಿಂದ. ಸತ್ತ ಮೇಲಾದ್ರೂ ಅವರಿಗೊಂದು ಮನೆ ಅಂತ ಬೇಡ್ವಾ?”

ಸೀತು ಹೋಗಿ ಅವಳ ಪಕ್ಕ ಕುಳಿತಳು.

“ನೀವೂ ಕೂತ್ರಾ?” ತೃಪ್ತಿ ಕೂಗಿದಳು.

“ಅವಳನ್ನು ಬಿಟ್ಟು ನಾನು ಹೇಗೆ ಏಳುದು ಮೇಡಂ? ನಾನು ಜೀವಂತ ಇರುದೇ ಅವಳ ಗಂಡನಿಂದ.”

*

ಧರೆ ಕುಸಿದ ದಿನ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ನಮಾಝಿಗೆ ಎದ್ದ ಆದಂ ಕುಂಞಿ ಹಿತ್ತಿಲಿಗೆ ಹೋದಾಗ ಚರಂಡಿಯ ನೀರು ನಿಂತಿತ್ತು. ರಾತ್ರಿಯಿಡೀ ಭೋರೆಂದು ಹರಿದದ್ದು ಈಗ ಒಂದು ತೊಟ್ಟೂ ಇಲ್ಲ. ಮೇಲೆ ಎಲ್ಲೋ ನೀರು ಮಣ್ಣಿನೊಳಗೆ ಇಳಿಯುತ್ತಿದೆ ಎಂದು ಅವನಿಗೆ ಅನಿಸಿತು. ಅಷ್ಟೇ, ಖಾತ್ರಿ ಏನೂ ಇರಲಿಲ್ಲ.

ಮೊದಲು ಸಹಾಯವಾಣಿಗೆ ಫೋನ್ ಮಾಡಿದ. ಯಾವ ತಾಲೂಕು ಎಂದು ಕೇಳಿದರು. ಕಡಬ ಎಂದ. ಇನ್ನೊಂದು ನಂಬರ್ ಕೊಟ್ಟರು. ಅಲ್ಲಿ ಯಾರೂ ಎತ್ತಲಿಲ್ಲ.

ಅವನು ಮೊಪೆಡಿನ ಹತ್ತಿರ ಹೋಗಿ ಮೀನು ಬಂತೆಂದು ತಿಳಿಸುವ ಹಾರ್ನನ್ನು ಕಳಚಿ ಕೈಯಲ್ಲಿ ಹಿಡಿದ. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ರಬ್ಬರಿನ ಬುರುಡೆ ಹಿಚುಕುತ್ತಾ ನಡೆದ. ಪೋಂ, ಪೋಂ, ಪೋಂ. ಹೆಂಗಸರು ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದರು. ಸೀತುವಿನ ಕೈಯಲ್ಲಿ ಅಭ್ಯಾಸಬಲದಿಂದ ಒಂದು ಪಾತ್ರೆಯೂ ಇತ್ತು.

“ಈ ಮಳೆಗೆ ಎಂತ ಮೀನು ಆದಮಾಕ? ಬೋಟು ಬಂದ್ ಅಲ್ವಾ?”

“ಮೀನಲ್ಲ ಸೀತು, ಧರೆ! ಹಾಗೇ ಹೊರಗೆ ಬಾ. ದುಗ್ಗಪ್ಪನನ್ನು ಎಳ್ಕೊಂಡು ಬಾ.”

ದುಗ್ಗಪ್ಪ ಗೊಣಗಿದ. ಕೆಲವರು ಬೈದರು. ಅವನು ಹಾರ್ನ್ ನಿಲ್ಲಿಸಲಿಲ್ಲ. ಆ ಸದ್ದು ತಡೆಯಲಾರದೆ ಎಲ್ಲರೂ ರಸ್ತೆಗೆ ಬಂದರು. ಬಂದವರು ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ ಹಿಂದೆ, ಲಾರಿಯಿಂದ ಜಲ್ಲಿ ಸುರಿದಂಥ ಸದ್ದಾಯಿತು. ದುಗ್ಗಪ್ಪನ ಮನೆಯ ಮಾಡು ನಿಧಾನವಾಗಿ, ಯಾರೋ ಕೂತ ಹಾಗೆ, ಕೆಳಗೆ ಕೂತಿತು.

ಮರುದಿನ ಪೇಪರಿನಲ್ಲಿ ಬಂತು. ಆಡಳಿತದ ಮುನ್ನೆಚ್ಚರಿಕೆಯಿಂದಾಗಿ ಜೀವಹಾನಿ ತಪ್ಪಿತು ಎಂದು. ಝಾಕಿರ್ ಅದನ್ನು ಓದಿ ಸಿಟ್ಟಾದ. ಆದಂ ಕುಂಞಿ ಮಾತ್ರ “ಬದುಕಿದ್ದೇವಲ್ಲ, ಬಿಡು” ಎಂದ. ಆದರೆ ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಊಟದ ನಂತರ ತಿರುವಿನವರೆಗೆ ನಡೆದು ದೂರದಿಂದ ಮನೆ ನೋಡಿ ಬರುವುದು, ತರಗತಿಯೊಳಗೆ ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು. ಎದೆ ಉರಿಯುತ್ತದೆ ಎಂದಾಗ ಸೀತು ಜೀರಿಗೆ ನೀರು ಕೊಟ್ಟಿದ್ದಳು. ಗ್ಯಾಸ್ ಎಂದೇ ಎಲ್ಲರೂ ತಿಳಿದಿದ್ದರು.

*

ಕಾಲನಿಯ ರಸ್ತೆಯಲ್ಲಿ ಕಾರು ನಿಂತಿತು. ಅಂತಿಮ ದರ್ಶನಕ್ಕೆಂದು ಶಾಲೆಗೆ ಬಂದಿದ್ದ ಶೈಲೇಶ್ ವಿಷಯ ತಿಳಿದು ಇಲ್ಲಿಗೇ ಬಂದಿದ್ದ. ಜೊತೆಗೆ ಝಾಕಿರ್, ದುಗ್ಗಪ್ಪ, ಮಸೀದಿಯ ಉಸ್ತಾದ್. ಕದೀಜಮ್ಮ ಶಾಲು ಎಳೆದುಕೊಂಡು ಬಾಗಿಲಿನ ಮರೆಗೆ ಸರಿದಳು. ಇನ್ನು ಇದ್ದತ್ ಮುಗಿಯುವವರೆಗೆ ಹೊರಗಿನ ಗಂಡಸರಿಗೆ ಅವಳ ಧ್ವನಿ ಮಾತ್ರ.

“ಉಮ್ಮ, ಜೀವಕ್ಕೆ ಅಪಾಯ ಇರುವಲ್ಲಿ ಕೂರಬೇಕೆಂದು ದೀನಿನಲ್ಲಿ, ನಮ್ಮ ಧರ್ಮದಲ್ಲಿ, ಇಲ್ಲ,” ಎಂದರು ಉಸ್ತಾದ್. “ಬೇರೆ ಮನೆಗೆ ಹೋಗ್ಬಹುದು.”

“ಆ ಬೇರೆ ಮನೆಯನ್ನು ತೋರಿಸಿ ಉಸ್ತಾದ್. ಹೋಗ್ತೇನೆ.”

ಶೈಲೇಶ್ ಗಂಟಲು ಸರಿಮಾಡಿಕೊಂಡ. “ಕದೀಜಮ್ಮ, ನಾನು ಶೈಲೇಶ್. ತುಂಬ ಬೇಸರ ಆಯ್ತು. ಸ್ಥಳಾಂತರದ ಫೈಲು ಮೇಲೆ ಹೋಗಿದೆ...”

“ಶೈಲೇಶಣ್ಣನಾ? ಯಾಕೆ ರಸ್ತೆಯಲ್ಲಿ ನಿಂತದ್ದು? ಜಗಲಿಗೆ ಬನ್ನಿ, ಕೂತ್ಕೊಳ್ಳಿ. ಧರೆ ಎಲ್ಲಿಗೂ ಓಡುದಿಲ್ಲ ಅಂತ ನೀವೇ ಹೇಳಿದ್ದಲ್ವಾ?”

ಶೈಲೇಶ್ ಒಂದು ಹೆಜ್ಜೆ ಮುಂದಿಟ್ಟ. ಮೇಲಿನಿಂದ ಒಂದು ಕಲ್ಲು ಪುಟಿಯುತ್ತ ಬಂದು ಅಂಗಳದ ಕೆಸರಿಗೆ ಬಿತ್ತು. ಅವನು ನಿಂತ. ಹಿಂದೆ ಸರಿಯಲೂ ಆಗಲಿಲ್ಲ, ಮುಂದೆ ಹೋಗಲೂ ಆಗಲಿಲ್ಲ. ಮುಖ ಕಪ್ಪಿಟ್ಟಿತು. ಜೇಬಿನಿಂದ ಫೋನ್ ತೆಗೆದು “ತಹಶೀಲ್ದಾರರತ್ರ ಮಾತಾಡ್ತೇನೆ, ಇವತ್ತೇ ಎಂತಾದ್ರೂ...” ಎನ್ನುತ್ತಾ ಕಾರಿನ ಕಡೆಗೆ ನಡೆದ.

“ನಿಮಗೆ ಇಲ್ಲಿ ಒಂದು ಕ್ಷಣ ನಿಲ್ಲಲಿಕ್ಕೆ ಆಗುದಿಲ್ಲ!” ಝಾಕಿರ್ ಮುನ್ನುಗ್ಗಿದ. ದುಗ್ಗಪ್ಪ ಅವನ ತೋಳು ಹಿಡಿದ. “ಬೇಡ ಮಗ. ಇವತ್ತು ಬೇಡ. ನಿನ್ನ ಬಾಪ ಅಲ್ಲಿ ಕಾಯ್ತಾ ಇದ್ದಾರೆ.”

ಆ ಮಾತಿಗೆ ಒಳಗೆ ಕದೀಜಮ್ಮ ಮೊದಲ ಬಾರಿಗೆ ದನಿ ತೆಗೆದು ಅತ್ತಳು. ಅಂಗಳದಲ್ಲಿ ನಿಂತಿದ್ದ ತೃಪ್ತಿಗೆ ಅದನ್ನು ಕೇಳಲಾಗಲಿಲ್ಲ.

“ಶಾಲೆಯ ಪಕ್ಕ ಪಶು ವೈದ್ಯರ ಕ್ವಾರ್ಟರ್ಸ್ ಉಂಟು,” ಎಂದಳು ತಟ್ಟನೆ. “ಕಟ್ಟಿದಂದಿನಿಂದ ಬೀಗ. ಡಾಕ್ಟರು ಬರ್ಲೇ ಇಲ್ಲ.”

“ಅದರ ಕೀ?” ಎಂದ ದುಗ್ಗಪ್ಪ.

“ಪುತ್ತೂರಲ್ಲಿ ಅಂತಾರೆ. ನಾನು ಕೇಳಿದ್ದೆ, ಬೇರೆ ಇಲಾಖೆಯದ್ದು ಅಂದ್ರು.” ಅವಳು ಬಾಗಿಲಿನ ಕಡೆ ತಿರುಗಿದಳು. “ಅಮ್ಮ, ಎದ್ದು ಬನ್ನಿ. ನಿಮ್ಮ ಯಜಮಾನರು ಆ ಮನೆಯಿಂದ ಹೋಗ್ಲಿ. ನೀವು ಅಲ್ಲೇ ಕೂತ್ಕೊಳ್ಳಿ. ಯಾರು ಬಂದು ಎಬ್ಬಿಸ್ತಾರೆ ನಾನು ನೋಡ್ತೇನೆ.”

“ಆರ್ಡರ್ ಉಂಟಾ ಮೇಡಂ?” ಒಳಗಿನಿಂದ ಧ್ವನಿ.

“ಇಲ್ಲ.”

ಕದೀಜಮ್ಮ ಶಾಲು ಮುಖಕ್ಕೆ ಎಳೆದುಕೊಂಡು, ಸೀತುವಿನ ಹೆಗಲಿಗೆ ಕೈ ಕೊಟ್ಟು ಹೊರಗೆ ಬಂದಳು. ಹೊಸ್ತಿಲು ದಾಟುವಾಗ ಹಿಂತಿರುಗಿ ನೋಡಿದಳು. ಬಾಗಿಲು ಎಳೆದುಕೊಳ್ಳಲಿಲ್ಲ.

ಕ್ವಾರ್ಟರ್ಸಿನ ಬೀಗಕ್ಕೆ ತುಕ್ಕು ಹಿಡಿದಿತ್ತು. ದುಗ್ಗಪ್ಪ ಕಲ್ಲು ಎತ್ತಿಕೊಂಡ. ತೃಪ್ತಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. “ನೀವು ಒಡೆದ್ರೆ ಕೇಸಾಗ್ತದೆ. ನಾನೇ ಒಡೀತೇನೆ.” ಮೊದಲಿನ ಏಟು ಬಾಗಿಲಿಗೆ ಬಿತ್ತು. ಅವಳು ಹಲ್ಲು ಕಚ್ಚಿ ಮತ್ತೆ ಮತ್ತೆ ಹೊಡೆದಳು. ಕೊಂಡಿ ಕಳಚಿತು.

ಬಿಳಿ ಬಟ್ಟೆ ಸುತ್ತಿದ ಆದಂ ಕುಂಞಿಯನ್ನು ಮಸೀದಿಯ ಮಂಚದಲ್ಲಿ ತಂದು, ಸುಣ್ಣದ ವಾಸನೆ ಇನ್ನೂ ಹೋಗದ ಆ ಕೋಣೆಯಲ್ಲಿ ಇಳಿಸಿದರು. ಗಂಡಸರು ಹೊರಗೆ ಹೋದರು. ಕದೀಜಮ್ಮ ಅವನ ಮುಖ ನೋಡಿದಳು. ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ರಿಝ್ವಾನಾಳಿಗೆ ಕೇಳಿಸಿದ್ದು “ಸಿಮೆಂಟಿನ ನೆಲ” ಎಂಬುದಷ್ಟೇ. ಆಮೇಲೆ ಮಂಚ ಎತ್ತಿದರು. ಒಂದು ತುದಿಗೆ ಝಾಕಿರ್ ಹೆಗಲು ಕೊಟ್ಟ. ದುಗ್ಗಪ್ಪ ಮಸೀದಿಯ ಮೆಟ್ಟಿಲಿನವರೆಗೂ ಹೆಗಲು ಬದಲಿಸಲಿಲ್ಲ.

ದಫನ ಮುಗಿಸಿ ಗಂಡಸರು ಮರಳಿದಾಗ ಮಳೆ ಬಿಟ್ಟಿತ್ತು. ತೃಪ್ತಿ ಕ್ವಾರ್ಟರ್ಸಿನ ಮೆಟ್ಟಿಲಿನಲ್ಲಿ ನಿಂತಿದ್ದಳು. ಫೋನ್ ಬಡಿದುಕೊಳ್ಳುತ್ತಿತ್ತು, ತಹಶೀಲ್ದಾರರದ್ದು. ಎತ್ತಬೇಕು ಎಂದುಕೊಳ್ಳುವಾಗ ಶಾಲೆಯ ಗೇಟು ಕಿರ್ರೆಂದಿತು. ಮೊದಲು ಸೀತು ಬಂದಳು, ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ. ಅವಳ ಹಿಂದೆ ಪಾತ್ರೆ ಹಿಡಿದ ಒಬ್ಬಳು, ಮಗುವನ್ನು ಎತ್ತಿಕೊಂಡ ಇನ್ನೊಬ್ಬಳು, ಬಟ್ಟೆಗಂಟು ಹೊತ್ತ ಮುದುಕ. ನಾಳೆ ಶಾಲೆ ಬಿಡಬೇಕಾಗಿದ್ದ ಕಾಲನಿಯ ಮನೆಮನೆಯವರೆಲ್ಲ ಸಾಲಾಗಿ ಇತ್ತ ಬರುತ್ತಿದ್ದರು.

ಬಡಿದುಕೊಳ್ಳುತ್ತಿದ್ದ ಫೋನು ಒಂದು ಕೈಯಲ್ಲಿ, ಒಡೆದ ಬೀಗ ಇನ್ನೊಂದರಲ್ಲಿ ಹಿಡಿದು, ತೃಪ್ತಿ ಬಾಗಿಲಿನಿಂದ ಒಂದು ಬದಿಗೆ ಸರಿದು ನಿಂತಳು.