ಪೋಸ್ಟ್‌ಕಾರ್ಡಿನ ಹಳದಿ ಉಡುಪು

ಗೋಡೆ ನನ್ನದು, ಬಾಗಿಲು ನನ್ನದು, ಬಾಗಿಲ ಪಕ್ಕದ ಹೂಕುಂಡಗಳೂ ನನ್ನವೇ. ಮುಖ ಮಾತ್ರ ಪಕ್ಕದ ಮನೆಯ ಒಬ್ದುಲಿಯಾಳದು. ನಲವತ್ತು ವರ್ಷಗಳಿಂದ ಅವಳು ನಮ್ಮೂರಿನ ಪೋಸ್ಟ್‌ಕಾರ್ಡಿನಲ್ಲಿ ನಗುತ್ತಿದ್ದಾಳೆ, ನನ್ನ ಹೊಟ್ಟೆ ಉರಿಯುತ್ತಲೇ ಇದೆ.

ಅರವತ್ತೆರಡನೇ ಇಸವಿಯಲ್ಲಿ ಮ್ಯಾಡ್ರಿಡ್‌ನಿಂದ ಫೋಟೋದವನು ಬಂದಾಗ ನಮ್ಮೂರು ಸಾಲೋಬ್ರಾ ಎಂದರೆ ಒಣಗುವ ಬಲೆ, ಉಪ್ಪುಮೀನಿನ ವಾಸನೆ, ಅಷ್ಟೇ. ಹಬ್ಬಕ್ಕೆಂದು ನಾನು ಆಗ ತಾನೇ ಗೋಡೆಗೆ ಸುಣ್ಣ ಬಳಿದಿದ್ದೆ. ಅವನು ಮೆಚ್ಚಿದ್ದು ಅದೇ ಗೋಡೆಯನ್ನು. ಆದರೆ ಅಪ್ಪ ತೀರಿಕೊಂಡು ಐದೇ ತಿಂಗಳಾಗಿತ್ತು. ನಾನು ತಲೆಯಿಂದ ಕಾಲಿನವರೆಗೂ ಶೋಕದ ಕಪ್ಪು ಬಟ್ಟೆಯಲ್ಲಿದ್ದೆ.

"ಕಪ್ಪು ಬೇಡಮ್ಮ. ಬಿಸಿಲು ಹುಡ್ಕೊಂಡು ಬರೋರಿಗೆ ಸಾವಿನ ಮನೆ ತೋರಿಸ್ಲಾ?" ಎಂದ.

ಶೋಕದ ಎರಡು ವರ್ಷ ನಾನು ಮುಟ್ಟುವಂತಿಲ್ಲದ ನನ್ನ ಹಳದಿ ಉಡುಪನ್ನು ಪೆಟ್ಟಿಗೆಯಿಂದ ತೆಗೆದು, ನನ್ನ ಬದಲು ನಿಂತ ಒಬ್ದುಲಿಯಾಳಿಗೆ ತೊಡಿಸಿದವಳು ನಾನೇ. ಗಾಳಿಗೆ ಬಾಗಿಲ ಪರದೆ ಹಾರಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಒಳಗೆ ನಿಂತು ಅದನ್ನು ಹಿಡಿದುಕೊಂಡವಳೂ ನಾನೇ.

ಆ ಕಾರ್ಡು ನೋಡಿ ಜರ್ಮನಿಯವರು ಬಂದರು, ಇಂಗ್ಲೆಂಡಿನವರು ಬಂದರು. ಬಲೆ ಒಣಗುತ್ತಿದ್ದ ಮರಳಲ್ಲಿ ಕೊಡೆಗಳು, ಕೊಡೆಗಳ ಹಿಂದೆ ಹದಿನೈದು ಮಹಡಿಯ ಹೋಟೆಲುಗಳು ಎದ್ದವು. ಒಬ್ದುಲಿಯಾ ಬಾರ್ ತೆರೆದಳು. ಹುರಿದ ಮೀನು ತಿನ್ನಲು ಬಂದವರೆಲ್ಲ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಇಪ್ಪತ್ತಾರು ವರ್ಷ ಆ ಹೋಟೆಲುಗಳ ಹಾಸಿಗೆಗೆ ಬಟ್ಟೆ ಹಾಸಿದೆ.

ಈ ವರ್ಷ ಪುರಸಭೆಯವರು ಕಡಲದಂಡೆಯ ಗೋಡೆಗೆ ಊರಿನ ಚರಿತ್ರೆಯನ್ನು ಟೈಲ್ಸ್‌ನಲ್ಲಿ ಬರೆಸಲು ಹೊರಟರು. ಮೊದಲನೆಯ ಚಿತ್ರವೇ ಆ ಪೋಸ್ಟ್‌ಕಾರ್ಡು, ಎರಡಾಳೆತ್ತರ. ಚರಿತ್ರೆಯಲ್ಲಿ ನನಗೂ ಬೆರಳಗಲ ಜಾಗ ಬೇಕಿತ್ತು. "ಮನೆ: ನಿಯೆವೆಸ್‌ಳದು" ಎಂದು ಕೆಳಗೊಂದು ಸಾಲು ಹಾಕಿ ಎಂದು ಅರ್ಜಿ ಕೊಟ್ಟೆ. ಉತ್ತರವೇ ಬರಲಿಲ್ಲ.

ಆ ಚಿತ್ರದ ನಕ್ಷೆ ತೋರಿಸುವ ದಿನ ಒಬ್ದುಲಿಯಾಳನ್ನು ಕರೆದಿದ್ದರು. ನಾನು ಕರೆಯದೆಯೇ ಹೋದೆ. ಕಾಗದ ಬಿಚ್ಚಿದರೆ, ಸಣ್ಣ ಕಾರ್ಡಿನಲ್ಲಿ ಎಂದೂ ಕಾಣದಿದ್ದದ್ದು ಈಗ ದೊಡ್ಡದಾಗಿ ಕಂಡಿತು. ಪರದೆಯ ಅಂಚಿನಲ್ಲಿ ಒಂದು ಕಪ್ಪು ತೋಳು, ನಾಲ್ಕು ಬೆರಳು.

"ಇದೇನು, ಕಲೆನಾ?" ಎಂದ ಚಿತ್ರಕಾರ.

"ಅಳಿಸ್ಬಿಡಿ," ಎಂದ ಪುರಸಭೆಯವನು.



"ಕಲೆ ಅಲ್ಲ ಕಣಪ್ಪ," ಎಂದಳು ಒಬ್ದುಲಿಯಾ. "ಅದು ನಮ್ಮ ನಿಯೆವೆಸ್ ಕೈ. ಗೋಡೆನೂ ಅವಳ್ದೇ, ನಾನು ಹಾಕ್ಕೊಂಡಿರೋದೂ ಅವಳ್ದೇ. ಆ ಕೈ ಅಳಿಸೋದಾದ್ರೆ ನನ್ನ ಮುಖಾನೂ ಅಳಿಸ್ಬಿಡು."

ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳಿಗೆ. "ಎಂಥಾ ದೊಡ್ಡ ಮನಸ್ಸು ಒಬ್ದುಲಿಯಾದು!" ಉಂಡೂ ಹೋದಳು, ಕೊಂಡೂ ಹೋದಳು.

"ಏನೇ ನಿಯೆವೆಸ್, ಈಗಲಾದ್ರೂ ಸಮಾಧಾನ ಆಯ್ತಾ?" ಎಂದು ಹೊರಗೆ ಬಂದ ಮೇಲೆ ಕೇಳಿದಳು.

"ಆಯ್ತು ಮಾರಾಯ್ತಿ," ಎಂದೆ.

ಕೇಳಿದ್ದು ಸಿಕ್ಕಿದೆ. ದಿನಾ ಸಂಜೆ ದಂಡೆಗೆ ಹೋಗಿ ನೋಡುತ್ತೇನೆ. ಎರಡಾಳೆತ್ತರದ ಗೋಡೆಯ ಮೇಲೆ ನನ್ನ ಕೈ ಇನ್ನೂ ಪರದೆ ಹಿಡಿದುಕೊಂಡೇ ಇದೆ, ಅವಳ ಮುಖ ಚೆನ್ನಾಗಿ ಕಾಣಲಿ ಎಂದು.