ಹೆಸರಿಲ್ಲದ ಡಬ್ಬಿಗಳು

ಆಸ್ಪತ್ರೆಯ ಹೊಸ ವೆಬ್‌ಸೈಟ್ ಮಾಡಿದವಳು ನಾನೇ. ಆ ಜಂಬದಲ್ಲೇ ಒಂದು ತಿಂಗಳು ಓಡಾಡಿದೆ. ಅದೇ ಆಸ್ಪತ್ರೆಯಲ್ಲಿ ನನ್ನ ಅಣ್ಣ ಹತ್ತೊಂಬತ್ತು ವರ್ಷದಿಂದ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಅವನಿಗೆ ಕಣ್ಣು ಕಾಣಿಸುವುದಿಲ್ಲ. ಯಾವ ಡಾಕ್ಟರು ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಫೋನ್ ಮಾಡಿದವರಿಗೆ ಹೇಳುವುದು ಅವನ ಕೆಲಸ. ಕಂಪ್ಯೂಟರಿನಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವೊಂದು ಅವನ ಕಿವಿಯಲ್ಲಿ ವಟಗುಟ್ಟುತ್ತಿರುತ್ತದೆ. ಅದಕ್ಕೆ ಅವನಿಟ್ಟ ಹೆಸರು ಗಿಣಿ.

"ಹೇಗಿದೆ ಅಣ್ಣ ನನ್ನ ಸೈಟು?" ಎಂದು ಕೇಳಿದಾಗಲೆಲ್ಲ "ಬಹಳ ಚೆನ್ನಾಗಿದೆ ಪುಟ್ಟಿ" ಎನ್ನುತ್ತಿದ್ದ. ನಂಬಿದೆ, ದಡ್ಡಿ ನಾನು.

ಕೊನೆಗೆ ಬಾಯಿಬಿಟ್ಟವರು ಅತ್ತಿಗೆ. "ಹೇಳಬೇಡ ಅಂದಿದ್ದಾರೆ ನಿಮ್ಮಣ್ಣ. ಆದ್ರೆ ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಕಣೇ. ನಿನ್ನ ಸೈಟ್ ಬಂದ್ಮೇಲೆ ಇವರು ಉತ್ತರ ಹುಡುಕೋಷ್ಟರಲ್ಲಿ ಜನ ಫೋನ್ ಇಟ್ಟುಬಿಡ್ತಾರಂತೆ. ಸೋಮವಾರದೊಳಗೆ ಸರಿಹೋಗದಿದ್ರೆ ಆ ಕುರ್ಚೀಲಿ ಬೇರೆಯವರು ಅಂದಿದ್ದಾರಂತೆ ಮ್ಯಾನೇಜರ್. ಇವರಿಗೆ ಹಿಂದಿನ ಕೋಣೇಲಿ ಲಕೋಟೆ ಅಂಟಿಸೋ ಕೆಲಸ."

ಕೋಪ ಬಂತು. ಅವನ ಮೇಲೋ ನನ್ನ ಮೇಲೋ ಗೊತ್ತಿಲ್ಲ. ನೇರವಾಗಿ ಅವನ ಮೇಜಿಗೇ ಹೋದೆ.

"ಯಾಕಣ್ಣ ಹೇಳಲಿಲ್ಲ?"

"ನಿನ್ನ ಮೊದಲನೇ ದೊಡ್ಡ ಕೆಲಸ. ಅದಕ್ಕೆ ನಾನೇ ಕಲ್ಲು ಹಾಕ್ಬೇಕಿತ್ತಾ?"

"ಸುಮ್ನಿರು. ಹೆಡ್‌ಫೋನ್ ಕೊಡು ಇಲ್ಲಿ."

ಪರದೆ ಆರಿಸಿ ಕಿವಿಗೆ ಹಾಕಿಕೊಂಡೆ. ಮೂಳೆ ಡಾಕ್ಟರ ಸಮಯ ಹುಡುಕಬೇಕು. ಗಿಣಿ ಶುರುಮಾಡಿತು: ಚಿತ್ರ, ಚಿತ್ರ, ನಮ್ಮ ಬಗ್ಗೆ, ಅಧ್ಯಕ್ಷರ ಸಂದೇಶ. ಆ ಸಂದೇಶವನ್ನು ಪೂರ್ತಿ ಓದಿತು, ಪುಣ್ಯಾತ್ಮ! ಒಂದು ಹೆಡಿಂಗಿನಿಂದ ಇನ್ನೊಂದಕ್ಕೆ ಹಾರುವ ಕೀಲಿ ಒತ್ತಿದೆ. "ಹೆಡಿಂಗ್ ಇಲ್ಲ" ಎಂದಿತು. ಇಲ್ಲವಂತೆ! ಅಷ್ಟು ದಪ್ಪಕ್ಷರದಲ್ಲಿ, ನೀಲಿ ಬಣ್ಣದಲ್ಲಿ ನಾನು ಹಾಕಿದ್ದು ಮತ್ತೇನು?

ಆಗ ತಲೆಗೆ ಹೋಯಿತು. ದಪ್ಪ, ನೀಲಿ ಎಲ್ಲ ಕಣ್ಣಿದ್ದವರಿಗೆ. ಮೆನುವಿನಿಂದ ವೇಳಾಪಟ್ಟಿಯವರೆಗೆ ಎಲ್ಲವನ್ನೂ ನಾನು ಡಿವ್ ಎಂಬ ಒಂದೇ ಬಗೆಯ ಡಬ್ಬಿಗಳಲ್ಲಿ ತುಂಬಿದ್ದೆ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸದೆ ಇಟ್ಟ ಹಾಗೆ. ಗಿಣಿ ಪ್ರತಿಯೊಂದರ ಮುಚ್ಚಳವನ್ನೂ ತೆಗೆದು ನೋಡಬೇಕು. ಮನೆಯಲ್ಲಿ ಒಂದು ಸ್ಟೂಲು ಸರಿಸಿದರೂ "ಅಣ್ಣ, ಸ್ಟೂಲು ಎಡಕ್ಕಿದೆ" ಎಂದು ಕೂಗಿ ಹೇಳಿ ಬೆಳೆದವಳು ನಾನು. ನಾಚಿಕೆಯಾಯಿತು.

ಮೂರು ದಿನ ಕೂತು ಪುಟವನ್ನು ಬಿಚ್ಚಿ ಕಟ್ಟಿದೆ. ಮೆನುವಿಗೆ ನ್ಯಾವ್, ಮುಖ್ಯ ವಿಷಯಕ್ಕೆ ಮೇನ್, ಕೆಳಗಿನ ವಿಳಾಸಕ್ಕೆ ಫೂಟರ್, ಒಬ್ಬೊಬ್ಬ ಡಾಕ್ಟರ ಹೆಸರಿಗೂ ನಿಜವಾದ ಹೆಡಿಂಗ್ ಟ್ಯಾಗ್. ಯಾವುದು ಏನು ಎಂದು ಪರದೆಯ ಮೇಲೆ ಕಾಣದ ಈ ಚೀಟಿಗಳೇ, ಅಂದರೆ ಟ್ಯಾಗ್‌ಗಳೇ, ಹೇಳಬೇಕು, ಗಿಣಿ ಬೇಡದ್ದನ್ನು ದಾಟಿ ಹೋಗಬೇಕು. ಅಣ್ಣ ಪಕ್ಕದಲ್ಲೇ ಕೂತು, "ಇಲ್ಲಿನ್ನೂ ಎಡವುತ್ತೆ ನೋಡು" ಎಂದು ತಪ್ಪು ತೋರಿಸುತ್ತಿದ್ದ.

ಸೋಮವಾರ ಮ್ಯಾನೇಜರ್ ಬಂದರು. ಕೈಯಲ್ಲಿ ಅಣ್ಣನ ವರ್ಗಾವಣೆ ಪತ್ರ. ಪರದೆಯನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಾ ಹಾಗೇ ಇದೆಯಲ್ರೀ? ಮೂರು ದಿನ ಏನು ಮಾಡಿದ್ರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಫೋನ್ ಬಡಿದುಕೊಂಡಿತು. "ಮಕ್ಕಳ ಡಾಕ್ಟರಾ?" ಎಂದ ಅಣ್ಣ. ಟಕ್, ಟಕ್, ಎರಡೇ ಕೀಲಿ. "ಬುಧವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಎರಡನೇ ಮಹಡಿ." ಇಟ್ಟ. ಮತ್ತೆ ಬಂತು, ಮತ್ತೆ ಹೇಳಿದ. ಐದನೇ ಕರೆಯ ಹೊತ್ತಿಗೆ ಮ್ಯಾನೇಜರ್ ಪತ್ರ ಮಡಚಿ ಜೇಬಿಗಿಟ್ಟು, "ಆಯ್ತು, ಕೆಲಸ ನೋಡ್ಕೊಳ್ಳಿ" ಎಂದು ಹೊರಟರು.

"ನೋಡೋಕೆ ನಿಜವಾಗ್ಲೂ ಏನೂ ಬದಲಾಗಿಲ್ವಾ?" ಎಂದು ಅಣ್ಣ ಕೇಳಿದ.

"ಕೂದಲೆಳೆಯಷ್ಟೂ ಇಲ್ಲ."

"ಅಂದ್ರೆ ನೀನು ಪಟ್ಟ ಕಷ್ಟ ಯಾರಿಗೂ ತಿಳಿಯಲ್ಲ." ನನ್ನ ತಲೆಯನ್ನು ತಡಕಿ ಕೈಯಿಟ್ಟ. "ನನಗೆ ತಿಳೀತಲ್ಲ, ಸಾಲ್ದಾ?"

ಸಾಲದೇ ಏನು! ಗೊಳೋ ಎಂದು ಅತ್ತೇಬಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ಅಣ್ಣ ಎತ್ತಿ, ಆ ಕಡೆಯವರು ಏನೋ ಕೇಳಿದ್ದಕ್ಕೆ ನಕ್ಕ. "ಏನಿಲ್ಲ ತಾಯಿ, ಗಾಬರಿಯಾಗ್ಬೇಡಿ. ಅಳ್ತಿರೋದು ನನ್ನ ತಂಗಿ. ನಮ್ಮ ಆಸ್ಪತ್ರೆ ಸೈಟು ಮಾಡಿದ್ದು ಅವಳೇ."